ಮೂರನೆಯ ನೀರು

ಚಂಪಾ: ಮೂರನೇ ನೀರು ಬೇಕೇ ಬೇಕು. ಎರಡು ನೀರಿಗೆಲ್ಲ ಈ ಸೊಳೆಯ ಉಪ್ಪು ಬಿಡುವುದಿಲ್ಲ.

ವಸಂತಕುಮಾರ: ಬೇಕಂತೆ! ಡೊಂಬಿವ್ಲಿಯಲ್ಲಿ ಇವತ್ತು ಇಡೀ ದಿನ ನಲ್ಲಿ ಬಂದ್. ಮನೆಯಲ್ಲಿರುವುದು ಒಂದೇ ಒಂದು ಕೊಡ. ಇವಳ ಹಲಸಿನ ಸೊಳೆಗೆ ಮಾತ್ರ ಮೂರು ಸಲ ಅಭ್ಯಂಜನ ಆಗಬೇಕಂತೆ!

ಜಗಳಕ್ಕೆ ಕಾರಣ ಒಲೆಯ ಪಕ್ಕದ ಸ್ಟೀಲ್ ಪಾತ್ರೆಯಲ್ಲಿ ತೇಲುತ್ತಿತ್ತು. ಆರು ತಿಂಗಳ ಹಿಂದೆ ಊರಿನಿಂದ, ಕಾರ್ಕಳದಿಂದ, ತಂದು ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಅಂದರೆ ಬಲಿತ ಕಾಯಿಯ ತೊಳೆ. ನೀರಿನಲ್ಲಿ ನೆನೆಸಿ, ನೀರು ಬದಲಾಯಿಸುತ್ತ ಉಪ್ಪು ತೆಗೆದ ಮೇಲೆಯೇ ಅದು ಪಲ್ಯವಾಗುವುದು. ಕರಾವಳಿಯ ಮಕ್ಕಳಿಗೂ ಗೊತ್ತಿರುವ ಈ ಸಂಗತಿ ವಸಂತಕುಮಾರ ಮಾಷ್ಟ್ರಿಗೆ ಮಾತ್ರ ಒಪ್ಪಿಗೆಯಾಗಿರಲಿಲ್ಲ. ಅವರು ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವರು.

ನಿವೃತ್ತರಾಗಿ ಮೂರು ವರ್ಷ. ಅಂದಿನಿಂದ ಅವರನ್ನು ಯಾರೂ ಏನನ್ನೂ ಕೇಳಿರಲಿಲ್ಲ, ಅದೇ ಅವರ ದೊಡ್ಡ ಸಂಕಟ. ಈಗ ದೇವರು ಕಣ್ಣು ಬಿಟ್ಟಿದ್ದ. ಠಾಣೆ ನಗರದ ನೌಪಾಡಾದಲ್ಲಿ ಕೋಚಿಂಗ್ ಕ್ಲಾಸ್ ನಡೆಸುವ ಹಳೆಯ ವಿದ್ಯಾರ್ಥಿನಿ ರತ್ನಾವತಿಗೆ ಒಬ್ಬ ಮಾಷ್ಟ್ರು ಬೇಕಾಗಿದ್ದರು. "ಶುಕ್ರವಾರ ಬಂದು ಮಾತಾಡ್ತೇನೆ ಸರ್. ಅಕ್ಕ ಸೊಳೆ ಪಲ್ಯ ಮಾಡ್ಲಿ" ಎಂದಿದ್ದಳು. ಮಾಷ್ಟ್ರು ನಾಲ್ಕು ದಿನದಿಂದ ಒಂದೇ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು.

ವಸಂತಕುಮಾರ: ಸರಿಯಾಗಿ ಕೇಳು. ಸೊಳೆ ಅಂದರೆ ಲಕ್ಷಗಟ್ಟಲೆ ಜೀವಕೋಶ. ಒಂದೊಂದಕ್ಕೂ ಸುತ್ತ ಒಂದೊಂದು ಪೊರೆ. ಆ ಪೊರೆ ನೀರನ್ನು ಬಿಡ್ತದೆ, ಉಪ್ಪನ್ನು ಬಿಡುವುದಿಲ್ಲ. ನೀನು ಎಷ್ಟು ನೀರು ಹಾಕಿದರೂ ನೀರು ಒಳಗೆ ಹೋಗಿ ಸೊಳೆ ಉಬ್ಬುತ್ತದೆ, ಉಪ್ಪು ಇದ್ದಲ್ಲೇ ಇರ್ತದೆ. ಇದಕ್ಕೆ ಅಭಿಸರಣೆ ಅಂತ ಹೆಸರು.

ಚಂಪಾ: ಹೆಸರು ಚಂದ ಉಂಟು. ಹಾಗಾದರೆ ಮೊದಲನೇ ನೀರು ಸಮುದ್ರದ ಹಾಗೆ ಉಪ್ಪಾದದ್ದು ಹೇಗೆ?

ವಸಂತಕುಮಾರ: ಅದು ಹೊರಗೆ ಅಂಟಿಕೊಂಡಿದ್ದ ಉಪ್ಪು.

ಚಂಪಾ: ಎರಡನೆಯದು?

ವಸಂತಕುಮಾರ: ಅದೂ ಅಂಟಿಕೊಂಡದ್ದೇ.

ಚಂಪಾ: ಎಂತ ಮಾರಾಯ್ರೆ, ಉಪ್ಪಾ ಗೋಂದಾ ಅದು? ಒಂದು ಚೂರು ಬಾಯಿಗೆ ಹಾಕಿ ನೋಡಿ.

ವಸಂತಕುಮಾರ: ನನಗೆ ಬಿಪಿ. ಅಲ್ಲದೆ ವಿಜ್ಞಾನ ನಾಲಿಗೆಯ ಮೇಲೆ ನಡೆಯುವುದಿಲ್ಲ.

ಚಂಪಾ: ನಿಮ್ಮದು ನಾಲಿಗೆಯ ಮೇಲೆಯೇ ನಡೆಯುವುದು. ಮದುವೆಯಾದಾಗಿನಿಂದ ಕೇಳ್ತಾ ಇದ್ದೇನೆ.

ವಸಂತಕುಮಾರ: ನೀನು ಓದಿದ್ದು ಎಷ್ಟನೇ ಕ್ಲಾಸು?

ಚಂಪಾ: ಏಳು.

ವಸಂತಕುಮಾರ: ಏಳು! ನನಗೆ ಕೋಶಪೊರೆ ಕಲಿಸ್ಲಿಕ್ಕೆ ಹೊರಟಿದ್ದಾಳೆ!

ಚಂಪಾ: ರತ್ನಾವತಿ ಬರುವುದು ಪಲ್ಯ ತಿನ್ನಲಿಕ್ಕೆ, ಪೊರೆ ತಿನ್ನಲಿಕ್ಕಲ್ಲ. ಪಲ್ಯ ಉಪ್ಪುಪ್ಪಾದರೆ ಕೆಲಸ ಹೋಗುವುದು ನಿಮ್ಮದು, ನನ್ನದಲ್ಲ.

ಮಾಷ್ಟ್ರು ಮಾತು ಮುಗಿಸಿದರು. ನೀರಿನ ಕೊಡದ ಮುಚ್ಚಳದ ಮೇಲೆ ತಮ್ಮ ದಪ್ಪ ಜೀವಶಾಸ್ತ್ರದ ಪುಸ್ತಕವನ್ನು ಕಾವಲಿಗೆ ಇಟ್ಟರು. ರತ್ನಾವತಿ ಬರುವುದು ಹನ್ನೆರಡರ ಲೋಕಲ್ ರೈಲಿಗೆ. ಇವರು ಒಂಬತ್ತಕ್ಕೇ ಸ್ಟೇಷನ್‌ಗೆ ಹೊರಟುಬಿಟ್ಟರು.

ಒಂದು ಗಂಟೆಗೆ ಊಟ. ರತ್ನಾವತಿ ಪಲ್ಯವನ್ನು ಎರಡು ಸಲ ಬಡಿಸಿಕೊಂಡಳು.

ರತ್ನಾವತಿ: ಅಕ್ಕಾ, ಉಪ್ಪು ಎಷ್ಟು ಹದವಾಗಿದೆ! ಎಷ್ಟು ನೀರು ಬದಲಾಯಿಸಿದ್ರಿ?

ಚಂಪಾ ಬಾಯಿ ತೆರೆಯುವ ಮೊದಲೇ ಮಾಷ್ಟ್ರು ನುಗ್ಗಿದರು.

ವಸಂತಕುಮಾರ: ಎರಡೇ, ಮೇಡಂ! ಮೂರನೆಯದಕ್ಕೆ ನಾನೇ ಬಿಡಲಿಲ್ಲ. ಉಪ್ಪು ಕೋಶಪೊರೆ ದಾಟಿ ಹೊರಗೆ ಬರುವುದಿಲ್ಲ ಅಂತ ಇವಳಿಗೆ ಬೆಳಿಗ್ಗೆ ಬೆಳಿಗ್ಗೆ ಪಾಠ ಮಾಡಬೇಕಾಯ್ತು.

ರತ್ನಾವತಿ: ಹೊರಗೆ ಬರದಿದ್ದರೆ ಪಲ್ಯದ ಉಪ್ಪು ಎಲ್ಲಿ ಹೋಯ್ತು ಸರ್?

ವಸಂತಕುಮಾರ: ಎಲ್ಲಿ ಅಂದರೆ... ಅದು...



ರತ್ನಾವತಿ: ಬೀಟ್ರೂಟ್ ನೆನಪುಂಟಾ ಸರ್? ಹಸಿ ಬೀಟ್ರೂಟ್ ತುಂಡು ತೊಳೆದು ತಣ್ಣೀರಿಗೆ ಹಾಕಿದರೆ ನೀರಿಗೆ ಹೆಚ್ಚು ಬಣ್ಣ ಇಳಿಯುವುದಿಲ್ಲ. ಬೇಯಿಸಿದರೆ ನೀರೆಲ್ಲ ಕೆಂಪು. ಯಾಕೆ ಅಂತ ನೀವೇ ನೋಟ್ಸ್ ಬರೆಸಿದ್ರಿ, ನನಗೆ ಇನ್ನೂ ಬಾಯಿಪಾಠ. 'ಕೋಶವು ಸತ್ತ ಮೇಲೆ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಹತೋಟಿ ಅದರ ಪೊರೆಗೆ ಇರುವುದಿಲ್ಲ.' ಆರು ತಿಂಗಳು ಉಪ್ಪಲ್ಲಿ ಬಿದ್ದ ಸೊಳೆ ಇನ್ನೂ ಬದುಕಿರ್ತದಾ?

ಅಯ್ಯೋ, ತಾನೇ ಬರೆಸಿದ ವಾಕ್ಯ! ಅದನ್ನು ತಪ್ಪಿಲ್ಲದೆ ಬರೆಯದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದವರೂ ಅವರೇ. ಮಾಷ್ಟ್ರು ಕೈಯ ತುತ್ತನ್ನು ಬಾಯಿಗೆ ತುರುಕಿಕೊಂಡರು, ಅದು ನೆತ್ತಿಗೇರಿತು.

ವಸಂತಕುಮಾರ: ಚಂಪಾ, ನೀರು!

ಚಂಪಾ: ನೀರೆಲ್ಲಿ? ನೀವು ಆಚೆ ಹೋದದ್ದೇ ಕೊಡ ಬಗ್ಗಿಸಿ ಮೂರನೇ ನೀರು ಹಾಕಿದೆ. ರತ್ನಾವತಿಗೆ ಅಂತ ಒಂದು ಚೊಂಬು ತೆಗೆದಿಟ್ಟಿದ್ದೆ, ಅದನ್ನು ಅವಳು ಕುಡಿದಾಯ್ತು.

ವಸಂತಕುಮಾರ: ನನ್ನ ಪುಸ್ತಕ?

ಚಂಪಾ: ಸೊಳೆ ತೇಲ್ತಾ ಇತ್ತು. ಮೇಲೊಂದು ತಟ್ಟೆ ಮುಚ್ಚಿ ಭಾರಕ್ಕೆ ಇಟ್ಟೆ. ಒಳ್ಳೆ ಪುಸ್ತಕ ಮಾರಾಯ್ರೆ, ಒಂದು ಸೊಳೆಯೂ ತಲೆ ಎತ್ತಲಿಲ್ಲ.

ಎಂದವಳು ಒಳಗೆ ಹೋಗಿ ಒಂದು ಲೋಟ ತಂದು ಮಾಷ್ಟ್ರ ಮುಂದಿಟ್ಟಳು.

ಚಂಪಾ: ಇದು ಉಂಟು. ಮೂರನೇ ನೀರು, ಚೆಲ್ಲದೆ ಇಟ್ಟಿದ್ದೇನೆ. ಉಪ್ಪು ಹೊರಗೆ ಬರುವುದೇ ಇಲ್ಲವಲ್ಲ, ಸಿಹಿನೀರೇ ಇರಬೇಕು. ಕುಡಿಯಿರಿ.

ರತ್ನಾವತಿ: ರುಚಿ ನೋಡಿ ಹೇಳಿ ಸರ್. ತಪ್ಪಿದ್ದರೆ ತಪ್ಪು ಅನ್ನುವ ಮಾಷ್ಟ್ರು ನನಗೆ ಬೇಕಾದದ್ದು. ಹಾಗೆ ಅನ್ನದ ಇಬ್ಬರನ್ನು ಆಗಲೇ ವಾಪಸ್ ಕಳಿಸಿದ್ದೇನೆ.

ಮಾಷ್ಟ್ರು ಲೋಟ ನೋಡಿದರು, ಹೆಂಡತಿಯನ್ನು ನೋಡಿದರು. ಸಪ್ಪೆ ಎಂದುಬಿಟ್ಟರೆ ಮನೆಯಲ್ಲಿ ಮರ್ಯಾದೆ ಉಳಿಯುತ್ತದೆ, ನೌಪಾಡಾದ ಕೆಲಸ ಕೈತಪ್ಪುತ್ತದೆ. ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರು. ಮುಖ ಹುಳ್ಳಗಾಯಿತು.

ವಸಂತಕುಮಾರ: ಉಪ್ಪು.

ಇಷ್ಟು ಚಿಕ್ಕ ಪಾಠವನ್ನು ಅವರು ಜನ್ಮದಲ್ಲಿ ಮಾಡಿರಲಿಲ್ಲ.

ರತ್ನಾವತಿ: ಸೋಮವಾರದಿಂದ ಬನ್ನಿ ಸರ್.

ಕೆಲಸ ಸಿಕ್ಕಿತು! ಕಣ್ಣಲ್ಲಿ ನೀರೇ ಬಂತು ಮಾಷ್ಟ್ರಿಗೆ. ಅದು ಕೆನ್ನೆಗಿಳಿಯುವ ಮೊದಲೇ ಬೆನ್ನು ನೆಟ್ಟಗಾಯಿತು, ತೋರುಬೆರಳು ಮೇಲೆದ್ದಿತು.

ವಸಂತಕುಮಾರ: ನೋಡಿದೆಯಾ ಚಂಪಾ? ವಿಜ್ಞಾನ ಅಂದರೆ ಇದು. ಬಾಯಿಮಾತಲ್ಲ, ಸ್ವತಃ ಪ್ರಯೋಗ ಮಾಡಿ ತಿಳಿದುಕೊಳ್ಳಬೇಕು. ನಿನಗೆ ಅದೆಲ್ಲ ಎಲ್ಲಿ ಅರ್ಥ ಆಗ್ಬೇಕು!

ಚಂಪಾ: ನನಗೆ ಅರ್ಥ ಆಗುವುದು ಇಷ್ಟೇ, ನಲ್ಲಿ ಬರುವುದು ನಾಳೆ. ಉಳಿದ ವಿಜ್ಞಾನವನ್ನೂ ಕುಡಿದು ಲೋಟ ಖಾಲಿ ಮಾಡಿ.