ಹತ್ತು ನಿಮಿಷದಲ್ಲಿ ಮಾತು ಬರಿಸಿದ್ದು

ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವ ವಿದ್ಯೆಯನ್ನು ವಿಲಾಯತಿಯಲ್ಲಿ ಒಂದು ವರ್ಷ ಕಲಿತು ಗೋಕಾಕಕ್ಕೆ ಮರಳಿದಾಗ, ಇಡೀ ಜಿಲ್ಲೆಯಲ್ಲಿ ಆ ವಿಷಯ ಬಲ್ಲವನು ನಾನೊಬ್ಬನೇ. ಹಾಗೆಂದು ಎಲ್ಲರಿಗೂ ನಾನೇ ಹೇಳಿದ್ದೆ. ಶಿಕ್ಷಕರ ಟ್ರೇನಿಂಗ್ ಕಾಲೇಜಿನಲ್ಲಿ ನನ್ನ ಕುರ್ಚಿಗೆ ಹೊಸ ದಿಂಬು ಕೂಡ ಬಂತು. ಕಲಿಯುವ ಮಗು ಮಾತ್ರ ಬರಲಿಲ್ಲ!

"ಒಂದ ವರ್ಷ ಕಲತು ಬಂದ್ರಿ. ಒಂದ ಕೂಸಿಗರ ಕಲಿಸೀರೇನು?" ಎಂದು ಹೆಂಡತಿ ಶಾಂತಾ ಕೇಳಿದಳು.

ಕೂಸು ಸಿಕ್ಕಿತು. ಹುಕ್ಕೇರಿ ಕಡೆಯ ಒಂದು ಹಳ್ಳಿ. ಹೆಸರು ಹೇಳುವುದಿಲ್ಲ, ಆ ಊರಿನ ಮರ್ಯಾದೆಗಲ್ಲ, ನನ್ನದಕ್ಕೆ. ಅಲ್ಲಿ ಕೂಲಿ ಮಾಡುವ ಸತ್ಯವ್ವನ ಮಗಳು ಗಂಗಿ. ಎಂಟು ವರ್ಷದವಳು, ಹುಟ್ಟಿದಾಗಿನಿಂದ ಕಿವಿ ಕೇಳದು. ಶಾಲೆಗೆ ಹೋದಾಗಲೆಲ್ಲ "ನಾಳೆ ಬಾ" ಎಂದು ಕಳಿಸುತ್ತಿದ್ದರಂತೆ. ಕಣ್ಣು ಮಾತ್ರ ಬಹಳ ಚುರುಕು.

"ಸಾಲ್ಯಾಗ ಕುಂಡ್ರಸ್ತೀರೇನ್ರಿ ಸಾಹೇಬ್ರ?" ಎಂದಳು ತಾಯಿ.

"ಕುಂಡ್ರಸ್ತೇನವ್ವಾ. ಇದು ನನ್ನ ಮಾತು."

ನನ್ನ ಯೋಜನೆ ಸರಳವಾಗಿತ್ತು. ನನಗೆ ಕಲಿಸಿದ ವಿಲಾಯತಿಯ ಪ್ರೊಫೆಸರ್ ಮೇಡಂ ಆಗ ನಮ್ಮ ದೇಶದಲ್ಲಿದ್ದರು. ಅವರನ್ನೂ ಶಿಕ್ಷಣ ಖಾತೆಯ ಸಾಹೇಬರನ್ನೂ ಅದೇ ಶಾಲೆಗೆ ಕರೆತರುವುದು, ಅವರೆದುರು ಗಂಗಿಗೆ ಪಾಠ ಹೇಳುವುದು, ಸಾಹೇಬರು ಮೆಚ್ಚಿ ಇಂಥ ಮಕ್ಕಳಿಗೆಂದೇ ಒಂದು ವರ್ಗ ಮಂಜೂರು ಮಾಡುವುದು. ಸತ್ಯವ್ವನಿಗೆ ಮಗಳನ್ನು ಆ ದಿನ ಕಳಿಸಲು ಹೇಳಿದೆ. ನನ್ನ ಹಳೆಯ ಶಿಷ್ಯನೇ ಆದ ಹೆಡ್‌ಮಾಸ್ತರ ಬಾಳಪ್ಪನಿಗೆ ಗಂಭೀರವಾಗಿ ಬರೆದೆ: "ಸಾಹೇಬರು ಆಗಮಿಸಲಿದ್ದಾರೆ. ಸಕಲ ಸಿದ್ಧತೆ ಇರತಕ್ಕದ್ದು." ಪಂಡಿತನಾದವನು ಇದಕ್ಕಿಂತ ಹೆಚ್ಚು ಬರೆಯಬೇಕೆ?

ಆ ದಿನ ಇಬ್ಬರನ್ನೂ ಕರೆದುಕೊಂಡು ವರ್ಗದೊಳಗೆ ಕಾಲಿಟ್ಟರೆ ನಲವತ್ತು ಮಕ್ಕಳು, ನಲವತ್ತೂ ಎಣ್ಣೆ ಹಚ್ಚಿ ತಲೆ ಬಾಚಿದವರು. ಹದಿನೇಳರ ಮಗ್ಗಿ ಯಾರಿಗೆ ಬರುತ್ತದೆ ಎಂದು ಸಾಹೇಬರು ಕೇಳಿದರೆ ನಲವತ್ತೂ ಕೈ ಮೇಲೆ! ಗಂಗಿ ಇರಲಿಲ್ಲ.

"ಗಂಗಿ ಎಲ್ಲಿ?" ಎಂದು ಬಾಳಪ್ಪನನ್ನು ಮೆಲ್ಲಗೆ ಕೇಳಿದೆ.

"ಮುಂಜಾನೆ ಬಂದಿದ್ಲರಿ, ಮನಿಗೆ ಅಟ್ಟೇನಿ. ದಡ್ಡ ಹುಡುಗರನ್ನೆಲ್ಲಾ ಶೇಂಗಾ ಹರಿಯಾಕ ಕಳಿಸಿ, ಬಾಜೂ ಊರಿಂದ ಹತ್ತು ಶಾಣ್ಯಾ ಹುಡುಗರನ್ನ ತರಿಸೇನ್ರಿ."

"ಹಿಂಗ ಮಾಡಂತ ಯಾರ ಹೇಳಿದ್ರೋ ನಿನಗ?"

"ನೀವಽ ಅಲ್ಲೇನ್ರಿ ಸರ! ತಪಾಸಣಿ ದಿನ ದಡ್ಡರು ಸಾಹೇಬ್ರ ಕಣ್ಣಿಗೆ ಬೀಳಬಾರದು ಅಂತ ಟ್ರೇನಿಂಗಿನಾಗ ಕಲಿಸಿದ್ರಲ್ಲ."

ಖರೆ. ವಿಲಾಯತಿಗೆ ಹೋಗುವ ಮೊದಲು ವರ್ಷವರ್ಷವೂ ಹಾಗೆ ಕಲಿಸಿದ್ದೆ. ನನ್ನ ಪಾಠಗಳಲ್ಲಿ ಶಿಷ್ಯರು ನೆನಪಿಟ್ಟದ್ದು ಅದೊಂದೇ!

ಗಂಗಿಯ ಮನೆ ಕೂಗಳತೆಯಲ್ಲಿತ್ತು. ಕರೆಸಬಹುದಿತ್ತು. ಆದರೆ ಸಾಹೇಬರು ಗಡಿಯಾರ ನೋಡಿದರು, ನನ್ನ ಧೈರ್ಯ ಉಡುಗಿತು. ಅಷ್ಟರಲ್ಲಿ ಬಾಳಪ್ಪ ಬಾಜೂ ಊರಿನ ಹುಡುಗನೊಬ್ಬನನ್ನು ಎಬ್ಬಿಸಿ, "ಲೇ, ಇವತ್ತೊಂದಿನ ನೀ ಕಿವುಡ ಆಗು," ಎಂದು ಪಿಸುಗುಟ್ಟಿದ. ಹುಡುಗ ಆದ. ನಾನು ಬೇಡ ಎನ್ನಲಿಲ್ಲ.

ತುಟಿ ಅಗಲಿಸಿ "ಆ" ಎಂದೆ. ಹುಡುಗ ಕಲ್ಲಿನಂತೆ ನಿಂತ. ಮತ್ತೆ "ಆ" ಎಂದೆ. ಶಾಣ್ಯಾ ಹುಡುಗ, ಎಷ್ಟು ಹೊತ್ತು ತಡೆದಾನು? ಐದನೆಯ ನಿಮಿಷಕ್ಕೆ "ಆ" ಎಂದ. ಎಂಟನೆಯದಕ್ಕೆ "ಅವ್ವ" ಎಂದ. ಹತ್ತನೆಯದಕ್ಕೆ ಹದಿನೇಳರ ಮಗ್ಗಿಯನ್ನು ಪೂರ್ತಿ ಒಪ್ಪಿಸಿ ಕೈಮುಗಿದ!

ಪ್ರೊಫೆಸರ್ ಮೇಡಂ ನೋಟ್‌ಬುಕ್ ಮುಚ್ಚಿ ನನ್ನನ್ನೊಮ್ಮೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಸಾಹೇಬರಿಗೆ ಮಾತ್ರ ಆನಂದವೋ ಆನಂದ.

"ಶಾಬಾಸ್! ಹತ್ತ ನಿಮಿಷದಾಗ ಆಗೂ ಕೆಲಸಕ್ಕ ಬ್ಯಾರೆ ವರ್ಗ ಯಾಕ ಬೇಕ್ರಿ?" ಎಂದು, ವರ್ಗಕ್ಕಾಗಿ ನಾನು ಕೊಟ್ಟಿದ್ದ ಅರ್ಜಿಯ ಮೇಲೆ ಅಲ್ಲೇ ಕೆಂಪು ಪೆನ್ಸಿಲ್‌ನಿಂದ ಗೀಟು ಎಳೆದರು. ಅದರ ಬದಲು, ಹೊರದೇಶದ ಶಿಕ್ಷಕರೆಲ್ಲ ಕೂಡುವ ಮುಂಬಯಿಯ ಸಮ್ಮೇಳನದಲ್ಲಿ ಈ ಪವಾಡದ ಬಗ್ಗೆ ಭಾಷಣ ಮಾಡಲು ನನ್ನ ಹೆಸರು ಕಳಿಸಿದರು.

"ಹೋಗಬ್ಯಾಡ್ರಿ," ಎಂದಳು ಶಾಂತಾ. ನಾನು ಕೋಟಿಗೆ ಇಸ್ತ್ರಿ ಮಾಡಿಸಿದೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಸತ್ಯವ್ವ ಮಗಳನ್ನು ಕರೆದುಕೊಂಡು ನಮ್ಮ ಮನೆಗೇ ಬಂದಳು.

"ಬಾಜೂ ಊರಿನ ಕಿವುಡ ಹುಡುಗ್ಗ ಹತ್ತ ನಿಮಿಷದಾಗ ಮಾತ ಬರಿಸಿದ್ರಂತಲ್ಲರಿ. ನಮಗ ವರ್ಗ ಬ್ಯಾಡ್ರಿ ಯಪ್ಪಾ. ನನ್ನ ಮಗಳಿಗೂ ಹತ್ತ ನಿಮಿಷ ಕೊಡ್ರಿ."

ಗಂಗಿ ನನ್ನ ತುಟಿಯನ್ನೇ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು. ನಾಚಿಕೆಯಾದರೂ ನಿಜ ಹೇಳಲಿಲ್ಲ.

"ನಾಳಿ ಬಾರವ್ವಾ," ಎಂದೆ.

ಸತ್ಯವ್ವ ಇನ್ನೂ ಕೈಮುಗಿದು ನಿಂತೇ ಇದ್ದಳು. ಶಾಲೆಯ ಬಾಗಿಲಲ್ಲಿ ಅದೇ ಮಾತನ್ನು ಎಷ್ಟೋ ಸಲ ನೋಡಿದ್ದ ಗಂಗಿಗೆ ಮಾತ್ರ ತಿಳಿದುಬಿಟ್ಟಿತು. ತಾಯಿಯ ಸೆರಗು ಹಿಡಿದು ಮೆಟ್ಟಿಲಿನ ಕಡೆ ಎಳೆದಳು. ನನ್ನ ತುಟಿ ನೋಡಿ ಅರ್ಥ ಮಾಡಿಕೊಂಡ ವಿದ್ಯಾರ್ಥಿ ಜೀವಮಾನದಲ್ಲಿ ಅವಳೊಬ್ಬಳೇ. ಮರುದಿನ ಬೆಳಿಗ್ಗೆ ನಾನು ಮುಂಬಯಿ ಗಾಡಿ ಹತ್ತಿದೆ.