ಗಾಯವನ್ನು ಕಂಕುಳಲ್ಲಿ ಬಚ್ಚಿಟ್ಟ ನಾಲ್ಕು ಕೈಯವರಿಗೆ

ಮಾನ್ಯರೇ,

ದೊಡ್ಡಾಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ಪ್ಲಾಸ್ಟಿಕ್ ಮುಸುಕು ಹೊದ್ದು ನಿಂತಿರುವ ರೋಬೋಟ್ ಮಹಾಶಯರಾದ ತಮ್ಮ ಪಾದಗಳಿಗೆ, ಪಾದಗಳಿಲ್ಲವಾದಲ್ಲಿ ಚಕ್ರಗಳಿಗೆ, ಕೊರಿಯಾ ದೇಶದ ಸುವಾನ್ ಮಾರುಕಟ್ಟೆಯಲ್ಲಿ ಒಣಮೀನು ಮಾರುವ ಟಾಕ್ ಯೊನ್‌ಜಾ ಎಂಬ ಹೆಂಗಸಿನ ಸವಿನಯ ನಮಸ್ಕಾರಗಳು. ತಾವು ಎಣ್ಣೆ, ವಿದ್ಯುತ್ತು ಮುಂತಾದವನ್ನು ಕಾಲಕಾಲಕ್ಕೆ ಸೇವಿಸಿ ಸೌಖ್ಯವಾಗಿದ್ದೀರೆಂದು ನಂಬಿದ್ದೇನೆ. ನೋಡುವವರ ಕಣ್ಣಿಗೆ ನಾನೂ ಸೌಖ್ಯವಾಗಿದ್ದೇನೆ. ನನ್ನ ದೂರು ಅದೇ.

ತಮಗೆ ನನ್ನ ನೆನಪಿರಲಿಕ್ಕಿಲ್ಲ. ಅಕ್ಟೋಬರಿನಲ್ಲಿ ತಾವು ನನ್ನ ಬಲಗಂಕುಳಿನಿಂದ ಒಳಹೊಕ್ಕು, ಎದೆಯ ಚರ್ಮದಡಿಯಲ್ಲೇ ಹಾದು ಕುತ್ತಿಗೆಗೆ ಬಂದು, ಥೈರಾಯ್ಡ್ ಗ್ರಂಥಿಯಲ್ಲಿದ್ದ ಕ್ಯಾನ್ಸರ್ ಗಂಟನ್ನು ತೆಗೆದುಕೊಂಡು, ಹಿತ್ತಿಲ ಬಾಗಿಲಿನಿಂದ ಬಂದ ಕಳ್ಳನಂತೆ ಅದೇ ದಾರಿಯಲ್ಲಿ ನಾಜೂಕಾಗಿ ಹೊರಟುಹೋದಿರಿ. ಡಾಕ್ಟರಾದರೋ ಮೂಲೆಯಲ್ಲಿ ನನಗೆ ಬೆನ್ನು ಹಾಕಿ ಕುಳಿತು, ಪೆಟ್ಟಿಗೆಯೊಂದರೊಳಗೆ ತಲೆ ತೂರಿಸಿಕೊಂಡು, ಅಲ್ಲಿಂದಲೇ ತಮ್ಮ ನಾಲ್ಕು ಕೈಗಳನ್ನು ಆಡಿಸಿದರಂತೆ. ಕುತ್ತಿಗೆಯ ಮೇಲೆ ಒಂದು ಗೆರೆಯೂ ಬೀಳಲಿಲ್ಲ. ಮನೆಗೆ ಬಂದು ಕನ್ನಡಿ ನೋಡಿಕೊಂಡಾಗ, ಮದುವೆಗೆ ಮುಂಚೆ ಇದ್ದ ನನ್ನ ಕುತ್ತಿಗೆಯೇ ಅಲ್ಲಿತ್ತು. ಇಂಥ ಅಪೂರ್ವ ಕೈಚಳಕಕ್ಕೆ ತಲೆಬಾಗುತ್ತೇನೆ. ಬಾಗಿದರೆ ಇನ್ನೂ ಸ್ವಲ್ಪ ಎಳೆಯುತ್ತದೆ, ಅದು ಬೇರೆ ಮಾತು.

ಎಳೆಯುವುದರ ಜೊತೆಗೆ ದನಿಯೂ ಹೋಗಿದೆ. ಗಂಟಲಿನ ನರವೊಂದು ಮುನಿಸಿಕೊಂಡಿದೆ, ಸರಿಹೋಗಲು ಕೆಲವು ತಿಂಗಳು ಬೇಕು ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕಾಗಿ ತಮ್ಮನ್ನು ದೂಷಿಸುವಷ್ಟು ಕೃತಘ್ನೆ ನಾನಲ್ಲ. ಆದರೆ ಮೂರು ಗಲ್ಲಿಗಳಾಚೆಗೂ ಕೇಳಿಸುತ್ತಿದ್ದ ಗಂಟಲಿನಿಂದ ಈಗ ಕೆಟಲಿನ ಹಬೆಯಷ್ಟೇ ಸದ್ದು ಬರುತ್ತಿರುವುದನ್ನು ನನ್ನವರು ಕಾಯಿಲೆಯೆಂದು ಬಗೆಯದೆ ಗುಣವೆಂದು ಬಗೆದಿದ್ದಾರೆ. ಟೌನ್ ಬಸ್ ಓಡಿಸುವ ನನ್ನ ಗಂಡ ಡೊಕ್‌ಸು ತನ್ನ ಗೆಳೆಯರ ಮುಂದೆ, "ಆಪರೇಷನ್ ಆದ್ಮೇಲೆ ನಮ್ಮನೇಲಿ ಎಷ್ಟು ನೆಮ್ಮದಿ ಗೊತ್ತೇನ್ರೋ! ಮೊದಲೇ ಮಾಡಿಸಬೇಕಿತ್ತು" ಎಂದು ನನ್ನೆದುರೇ ಹೇಳಿಕೊಂಡ. ನಾನು ಬೈದೆ. ಕೇಳಿಸದ ಕಾರಣ ನಕ್ಕೆನೆಂದು ಎಲ್ಲರೂ ತಿಳಿದರು.

ಹೀಗಿರುವಾಗ ನವೆಂಬರ್ ಬಂತು. ಚಳಿಗಾಲಕ್ಕೆ ಮನೆಮಂದಿಯೆಲ್ಲ ಸೇರಿ ಎಲೆಕೋಸಿನ ಉಪ್ಪಿನಕಾಯಿ, ಅಂದರೆ ಕಿಮ್ಚಿ, ಹಾಕುವ ಸಮಯ. ಗ್ವೇಸಾನ್ ಊರಿನಿಂದ ಅತ್ತೆಯವರ ಫೋನು ಬಂತು. ಎಂಬತ್ತು ದಾಟಿದ ಅವರಿಗೆ ಕಿವಿ ಮಂದ. "ಈ ಸಲ ಆಗಲ್ಲ ಅತ್ತೆ, ಕೈ ಮೇಲೆತ್ತೋಕೇ ಬರಲ್ಲ" ಎಂದು ನಾನು ಉಸಿರು ಬಿಗಿಹಿಡಿದು ಹೇಳಿದ್ದಕ್ಕೆ ಅವರು, "ಹ್ಞಾ, ಬೆಳಗಿನ ಬಸ್ಸಿಗೇ ಬಂದ್ಬಿಡು ಹಾಗಾದ್ರೆ. ಎಲೆಕೋಸಿಗೆಲ್ಲ ಉಪ್ಪು ಹಚ್ಚಿಟ್ಟಿರ್ತೀನಿ" ಎಂದು ಫೋನಿಟ್ಟರು.

ಹೋದೆ. ಅಂಗಳದಲ್ಲಿ ಎಲೆಕೋಸಿನ ಗುಡ್ಡ, ಪಕ್ಕದಲ್ಲಿ ಹೆಚ್ಚಬೇಕಾದ ಮೂಲಂಗಿಯ ರಾಶಿ. ಹಿರಿಯ ಓರಗಿತ್ತಿ ಬೊಕ್‌ನಿಮ್ ಅಕ್ಕ ನನ್ನ ಮಫ್ಲರ್ ಸರಿಸಿ ಕುತ್ತಿಗೆಯನ್ನು ಸಂತೆಯಲ್ಲಿ ಕುಂಬಳಕಾಯಿ ನೋಡುವಂತೆ ತಿರುಗಿಸಿ ನೋಡಿದಳು. "ಎಲ್ಲೇ ಗಾಯ? ನನ್ನ ತಂಗಿಗೆ ಇಲ್ಲಿಂದ ಇಲ್ಲೀತನಕ ಕುಯ್ದಿದ್ರು. ಕ್ಯಾನ್ಸರ್ ಅಂದ್ರೆ ಅದು! ಒಂದು ವರ್ಷ ಅವಳ ಕೈಲಿ ಒಂದು ಲೋಟಾನೂ ತೊಳೆಸ್ಲಿಲ್ಲ ಯಾರೂ. ನಿಂದೇನು, ಹಲ್ಲು ಕೀಳಿಸ್ಕೊಂಡು ಬಂದಂಗಿದೆ" ಎಂದು ಮೆಣಸಿನ ಮಸಾಲೆಯ ಬೋಗುಣಿಯನ್ನು ನನ್ನತ್ತ ನೂಕಿದಳು.

ಆದ್ದರಿಂದ ಮಾನ್ಯರಲ್ಲಿ ನನ್ನ ಮೊದಲ ಬಿನ್ನಹವೇನೆಂದರೆ, ಇನ್ನು ಮುಂದೆ ಮದುವೆಯಾದ ಹೆಂಗಸರಿಗೆ ಶಸ್ತ್ರಚಿಕಿತ್ಸೆ ಮಾಡುವಾಗ, ಕೆಲಸವೆಲ್ಲ ಮುಗಿದ ಮೇಲೆ, ಕುತ್ತಿಗೆಯ ಮುಂಭಾಗದಲ್ಲಿ ಒಂದು ಬೆರಳುದ್ದದ ಗಾಯವನ್ನು, ಅಂಗಿಯ ಕಾಲರಿನ ಮೇಲೆ ಎದ್ದು ಕಾಣುವಂತೆ, ಸಾಧ್ಯವಾದರೆ ಸ್ವಲ್ಪ ಕೆಂಪಗೆ, ಪುಕ್ಕಟೆಯಾಗಿ ದಯಪಾಲಿಸಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ ತಾವೇ ಗ್ವೇಸಾನ್‌ಗೆ ಚಿತ್ತೈಸಬೇಕು. ಎರಡು ಕೈ ಎಲೆ ಬಿಡಿಸಲಿ, ಒಂದು ಮಸಾಲೆ ಹಚ್ಚಲಿ, ನಾಲ್ಕನೆಯದು ಓರಗಿತ್ತಿಯ ಮೊಮ್ಮಗುವನ್ನು ಎತ್ತಿಕೊಳ್ಳಲಿ. ಡಾಕ್ಟರು ಎಂದಿನಂತೆ ಪೆಟ್ಟಿಗೆಯೊಳಗೆ ತಲೆಯಿಟ್ಟುಕೊಂಡೇ ಇರಬಹುದು. ನಮ್ಮ ಗಂಡಸರೂ ಅಂದು ಟೀವಿಯೊಳಗೆ ತಲೆಯಿಟ್ಟುಕೊಂಡು ಕೂತಿರುತ್ತಾರೆ, ಅವರಿಗೂ ಜೊತೆಯಾಗುತ್ತದೆ.

ಮಧ್ಯಾಹ್ನದ ಹೊತ್ತಿಗೆ, ತುಂಬಿದ ಬೋಗುಣಿಯನ್ನು ಎತ್ತಿಕೊಡು ಎಂದರು. ಆಗಲ್ಲ ಎಂದೆ. ಯಾರೂ ತಿರುಗಲಿಲ್ಲ. ಮತ್ತೆ ಹೇಳಿದೆ. ಕೊನೆಗೆ ರೊಚ್ಚಿಗೆದ್ದು, ರಬ್ಬರ್ ಕೈಗವಸು ಕಿತ್ತೆಸೆದು, ಆ ಕೊರೆಯುವ ಚಳಿಯಲ್ಲಿ ಸ್ವೆಟರನ್ನು ಭುಜದ ತನಕ ಎಳೆದು, ತೋಳು ಎಷ್ಟು ಏಳುತ್ತದೋ ಅಷ್ಟು ಎತ್ತಿ ಕಂಕುಳು ತೋರಿಸಿದೆ. ಕೆಂಪು ಕೈಗಳ ಹೆಂಗಸರೆಲ್ಲ ಸುತ್ತ ನೆರೆದರು. ನನ್ನ ದಿನ ಬಂತು ಎಂದುಕೊಂಡೆ.

"ಅಯ್ಯೋ, ಎಷ್ಟು ಸಣ್ಣಗೆ ಹೊಲಿದಿದಾರೆ ನೋಡ್ರೇ! ರೋಬೋಟೇ ಹೊಲಿದಿದ್ದಾ ಇದು?" ಎಂದಳು ಬೊಕ್‌ನಿಮ್ ಅಕ್ಕ. "ಮಂಡಿಚಿಪ್ಪಿಗೂ ಮಾಡುತ್ತಾ ಕೇಳು" ಎಂದಳು ನಾದಿನಿ. ಅತ್ತೆ ಬಗ್ಗಿ ನೋಡಿ, "ಇಷ್ಟೇನಾ?" ಎಂದರು. ಆಮೇಲೆ ಅರ್ಧ ಗಂಟೆ, ಮಾನ್ಯರೇ, ರೋಬೋಟಾದ ತಮ್ಮದೇ ಗುಣಗಾನ: ಎಷ್ಟು ಕೈ, ಯಾವ ದೇಶದ್ದು, ಕರೆಂಟು ಹೋದರೆ ಏನು ಗತಿ. ನನಗೆ ಹೆದರಿಕೆಯಾಗಿತ್ತೇ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಆಗಿತ್ತು, ಮಾನ್ಯರೇ. ಅರಿವಳಿಕೆ ಕೊಡುವ ಮುನ್ನ ತಮ್ಮ ಮುಸುಕಿನ ಕೈಗಳನ್ನು ನೋಡಿ, ಒಂದನ್ನು ಹಿಡಿದುಕೊಳ್ಳಬೇಕೆನ್ನಿಸಿತ್ತು. ನಾಲ್ಕಿವೆಯಲ್ಲ, ಒಂದಾದರೂ ಬಿಡುವಾಗಿದ್ದೀತು ಎಂದುಕೊಂಡಿದ್ದೆ.

ನಾನು ಒಳಗೆ ಹೋಗಿ ಅಡಿಯಿಂದ ಕಾಯಿಸಿದ ಬೆಚ್ಚಗಿನ ನೆಲದ ಮೇಲೆ ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟೆ. ಸ್ವಲ್ಪ ಹೊತ್ತಿಗೆ ಅತ್ತೆ ಬಂದರು. ಬೇಯಿಸಿದ ಹಂದಿಮಾಂಸದ ತುಂಡನ್ನು ಹೊಸ ಕಿಮ್ಚಿಯ ಎಲೆಯಲ್ಲಿ ಸುತ್ತಿ, ಬಾಯಿ ತೆರೆಯೆಂದು ತುಟಿಗೆ ಹಿಡಿದರು. ನಾನು ತೆರೆಯದ್ದನ್ನು ನೋಡಿ, "ಯಾಕೆ, ನುಂಗೋಕ್ಕೆ ಆಗಲ್ವೇನೇ?" ಎಂದರು. ಏನೋ ಹೇಳಿದೆ. ಅವರಿಗೆ ಕೇಳಿಸಲಿಲ್ಲ. ತಲೆಗೆ ಕಟ್ಟಿದ್ದ ಬಟ್ಟೆ ಸರಿಸಿ, ಮೊಣಕಾಲೂರಿ ಬಗ್ಗಿ, ಕಿವಿಯನ್ನು ನನ್ನ ಬಾಯಿಗೇ ತಂದಿಟ್ಟರು.

"ಆಗಲ್ಲ ಅತ್ತೆ. ನೋಯುತ್ತೆ. ಮತ್ತೆ ಬಂದ್ರೆ ಅಂತ ಭಯ ಆಗುತ್ತೆ."

ಅವರು ಆ ತುತ್ತನ್ನು ತಾವೇ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು ನುಂಗಿ, ನನ್ನ ಮೇಲೆ ರಗ್ಗು ಎಳೆದರು. ಆಮೇಲೆ ಬಾಗಿಲಿಗೆ ಹೋಗಿ ಅಂಗಳವೆಲ್ಲ ಅದುರುವಂತೆ ಕೂಗಿದರು: "ಆ ಮೂಲಂಗಿ ಬೇರೆ ಯಾರಾದ್ರೂ ಹೆಚ್ರೇ! ಇವಳಿಗೆ ಹುಷಾರಿಲ್ಲ!"

ಸ್ಕ್ಯಾನು, ಸೂಜಿ, ತಮ್ಮ ನಾಲ್ಕು ಕೈ ಎಲ್ಲ ಆದ ಮೇಲೆ, ನಾನು ಕಾಯಿಲೆಯವಳೆಂದು ನಾಲ್ಕು ಜನರಿಗೆ ಕೇಳುವಂತೆ ಹೇಳಿದವರು ಅವರೊಬ್ಬರೇ. ನಾನು ರಗ್ಗಿನೊಳಗೆ ಅತ್ತುಬಿಟ್ಟೆ. ಮೆಣಸಿನ ಖಾರಕ್ಕೆ ಅಂದುಕೊಂಡಿರಬೇಕು ಎಲ್ಲರೂ.

ತಮ್ಮ ವಿಶ್ವಾಸಿ, ಹಾಗೂ ತಾವು ಮಾತ್ರ ಒಳಗಿನಿಂದ ಬಲ್ಲ,
ಟಾಕ್ ಯೊನ್‌ಜಾ
ಒಣಮೀನಿನ ಅಂಗಡಿ, ಸುವಾನ್

ವಿ.ಸೂ.: ತಮ್ಮ ಮುಂದಿನ ಅವತಾರದಲ್ಲಿ ಐದನೆಯ ಕೈಯೊಂದನ್ನು ಕೂಡಿಸಲಿದ್ದಾರೆಂದು ಪತ್ರಿಕೆಯಲ್ಲಿ ಓದಿದೆ, ಅಭಿನಂದನೆಗಳು. ಆ ಜಾಗ ಇನ್ನೂ ಖಾಲಿಯಿದ್ದರೆ ಅಲ್ಲೊಂದು ಕಿವಿ ಇಡಿಸಲು ದಯವಿಟ್ಟು ಶಿಫಾರಸು ಮಾಡಿ. ಹೊಸದೇ ಆಗಬೇಕೆಂದಿಲ್ಲ. ಎಂಬತ್ತು ವರ್ಷ ಹಳೆಯ, ಅರ್ಧ ಕೇಳಿಸದ ಕಿವಿಯಾದರೂ ನಡೆಯುತ್ತದೆ, ಬಗ್ಗಲು ಬಂದರೆ ಸಾಕು.