ಬಾದಾಮಿ ಗುಡ್ಡಕ್ಕೊಂದು ಸಾಫ್ಟ್‌ವೇರ್

ಹವ್ಯಾಸ ಇದ್ದವರಿಗೆ ಮನಸ್ಸು ಹಗುರ ಇರುತ್ತದೆ ಅಂತ ಹೇಳಿದವರು ಯಾರೋ, ಅವರು ಇಳಕಲ್ಲಿನಲ್ಲಿ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಓಡಾಡಿದವರಲ್ಲ. ನಾನು ಹುನಗುಂದದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ, ಮನೆ ಇಳಕಲ್ಲಿನಲ್ಲಿ. ೨೦೦೪ರ ಸುಮಾರಿಗೆ ಡಿಜಿಟಲ್ ಕ್ಯಾಮೆರಾ ಕೊಂಡಾಗಿನಿಂದ ನನಗೆ ಒಂದಲ್ಲ ಒಂದು ಫಜೀತಿ ಆಗುತ್ತಲೇ ಬಂದಿದೆ. ಪ್ರತಿ ಸಲವೂ ಸಿಟ್ಟು ನನ್ನ ಪಾಲಿಗೆ, ನಗು ಊರಿನ ಪಾಲಿಗೆ.

ಎಲ್ಲಕ್ಕೂ ಮೂಲ ಒಂದೇ ಒಂದು ಫೋಟೋ. ಶ್ರಾವಣದ ಒಂದು ಸಂಜೆ ನಾನೂ ಹೆಂಡತಿಯೂ ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿದ್ದೆವು. ಮಳೆ ನಿಂತು ಬಿಸಿಲು ಬಿತ್ತು ನೋಡಿ, ತೊಯ್ದ ಗುಡ್ಡವೆಲ್ಲ ಕೆಂಪಗೆ ಕೆಂಡವಾಯಿತು. ಕ್ಲಿಕ್ ಮಾಡಿದೆ. ಬಾಗಲಕೋಟೆಯಲ್ಲಿ ಚಳಿಗಾಲಕ್ಕೆ ಛಾಯಾಚಿತ್ರ ಸ್ಪರ್ಧೆ ಇತ್ತು. ಅಲ್ಲಿ ಈ ಫೋಟೋಕ್ಕೆ ಬಹುಮಾನ ಬರಬೇಕು ಅನ್ನೋದು ನನ್ನ ಹಟ. ಆದರೆ ತೋರಿಸಿದವರೆಲ್ಲ ಒಂದೇ ರಾಗ ಹಾಡಿದರು: ಈಗ ಕ್ಯಾಮೆರಾದಾಗ ಏನಿಲ್ಲ, ಎಲ್ಲಾ ಸಾಫ್ಟ್‌ವೇರಿನ್ಯಾಗ ಐತಿ.

ಒಂದರಾಗ ಐದು

ಯಾವ ಸಾಫ್ಟ್‌ವೇರ್ ತರಬೇಕು ಅಂತ ಕೇಳಿದ್ದೇ ತಪ್ಪಾಯಿತು. ನಮ್ಮೂರ ಸ್ಟುಡಿಯೋದವನು ಒಂದು ಹೆಸರು ಹೇಳಿದ. ಬಾಗಲಕೋಟೆಯ ಕಂಪ್ಯೂಟರ್ ಕ್ಲಾಸಿನವನು ಅದನ್ನು ಕೇಳಿ ನಕ್ಕು, ಅದು ಲಗ್ನದ ಆಲ್ಬಮ್ ಮಾಡುವವರಿಗೆ ಅಷ್ಟೇ ಅಂತ ಇನ್ನೊಂದು ಹೇಳಿದ. ಜನ್ಮದಲ್ಲಿ ಮೌಸ್ ಮುಟ್ಟದ ನಮ್ಮ ಶಾಲೆಯ ಸಮಾಜ ವಿಜ್ಞಾನದ ಮಾಸ್ತರರೂ ಬಿಡಲಿಲ್ಲ, ಅವರದೊಂದು ಮೂರನೆಯದು. ಕಡೆಗೆ ಕ್ಲಾಸಿನವನೇ ದೊಡ್ಡ ಮನಸ್ಸು ಮಾಡಿ, ಈ ಮೂರಕ್ಕೆ ಇನ್ನೆರಡು ಸೇರಿಸಿ, ಐದು ಸಾಫ್ಟ್‌ವೇರನ್ನೂ ಒಂದೇ ಸೀಡಿಯಲ್ಲಿ ತುಂಬಿಕೊಟ್ಟ. ನಿಮಗ ಯಾವುದು ಸೇರ್ತೈತಿ ಅದನ್ನ ಇಟ್ಕೊಳ್ರಿ ಅಂದ.

ಮನೆಗೆ ಬಂದು ಸೀಡಿ ಹಾಕಿದೆ. ನನ್ನ ಕಂಪ್ಯೂಟರ್ ಕೆಸರಿಗಿಳಿದ ಎಮ್ಮೆಯ ಹಾಗೆ ಕೂತದ್ದು ಏಳಲೇ ಇಲ್ಲ. ಮರುದಿನ ಆ ಡಬ್ಬಿಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂಡಿಸಿಕೊಂಡು ಬಾಗಲಕೋಟೆಗೆ ಒಯ್ದೆ. ಎಂಥ ಸೀಡಿ ಕೊಟ್ಟಿದೀಯಪ್ಪಾ ಅಂತ ಜಗಳಕ್ಕೇ ನಿಂತೆ. ಅವನು ಡಬ್ಬಿ ಬಿಚ್ಚಿ, ಧೂಳು ಊದಿ, ಸಮಾಧಾನದಿಂದ ಹೇಳಿದ:

"ಐದೂ ಚಲೋ ಅದಾವ್ರಿ ಸರ. ನಿಮ್ಮ ಕಂಪ್ಯೂಟರ್ ಒಂದ ಚಲೋ ಇಲ್ಲ."

ಮಾವನವರ ಮೂವತ್ತು ದಿನ

ಆಮೇಲೆ ಕಂಪ್ಯೂಟರ್ ರಿಪೇರಿ ಮಾಡಿಸಿಕೊಂಡು, ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ಒಂದು ಪುಕ್ಕಟೆ ಸಾಫ್ಟ್‌ವೇರ್ ಇಳಿಸಿಕೊಂಡೆ. ಮೂವತ್ತು ದಿನ ಬಳಸಿ ನೋಡಬಹುದು, ಸೇರಿದರೆ ಕೊಳ್ಳಬೇಕು. ಬಾದಾಮಿ ಫೋಟೋಕ್ಕೆ ಕೈ ಹಚ್ಚುವ ಮೊದಲು ಸ್ವಲ್ಪ ಪಳಗೋಣ ಅಂತ ಮಾವನವರ ಫೋಟೋ ತಿದ್ದಿದೆ. ಕಣ್ಣಿನ ಕೆಳಗಿನ ಕಪ್ಪು ತೆಗೆದೆ, ರುಮಾಲು ಬೆಳ್ಳಗೆ ಮಾಡಿದೆ, ಪ್ರಿಂಟ್ ಹಾಕಿ ಕಟ್ಟು ಹಾಕುವ ಕೆಲಸ ಸ್ಟುಡಿಯೋದವನಿಗೆ ಬಿಟ್ಟೆ.

ಮಾವನವರ ಪಡಸಾಲೆಯಲ್ಲಿ, ಬಂದ ನೆಂಟರ ಮುಂದೆ ಕಾಗದ ಬಿಚ್ಚಿದರೆ, ಅವರ ಎದೆಯ ಮೇಲೆ ಅಡ್ಡಕ್ಕೆ ದಪ್ಪ ಇಂಗ್ಲಿಷ್ ಅಕ್ಷರ! ಪುಕ್ಕಟೆ ಬಳಸಿದವರ ಫೋಟೋ ಪ್ರಿಂಟ್ ಆಗುವಾಗ ಅದರ ಮೇಲೆಲ್ಲ ಆ ಕಂಪನಿಯವರು ಹೊಡೆಯುವ ಮುದ್ರೆಯಂತೆ ಅದು. ಸ್ಟುಡಿಯೋದವನು ಅದನ್ನು ಡಿಸೈನ್ ಅಂದುಕೊಂಡು ಹಾಗೇ ಕಟ್ಟು ಹಾಕಿದ್ದ. ಇಬ್ಬರ ಮೇಲೂ ನನಗೆ ಎಂಥ ಸಿಟ್ಟು ಬಂತು ಅಂದರೆ, ಮಾವನವರು ಏನು ಬರೆದಿದೆ ಅಂತ ಕೇಳಿದ್ದಕ್ಕೆ ಯೋಚಿಸದೆ ಬಾಯಿಬಿಟ್ಟೆ. ಟ್ರಯಲ್ ಅಂತ ಐತ್ರಿ, ಮೂವತ್ತು ದಿನ ನಡೀತೈತಿ, ಆಮ್ಯಾಲ ಬಂದ್ ಆಗ್ತೈತಿ.

ಮಾವನವರು ತಮ್ಮ ಫೋಟೋವನ್ನು ಕೈಯಿಂದ ಕೆಳಗಿಟ್ಟರು.

"ಬಾಗಲಕೋಟಿ ಡಾಕ್ಟರ ಸೈತ ಇಷ್ಟು ಖಡಕ್ ಹೇಳಿಲ್ಲ ಬಿಡ್ರಿ ಮಾಸ್ತರ್ರ."

ತಾನೇ ತಿದ್ದುವ ಗುಂಡಿ

ಇನ್ನು ಪುಕ್ಕಟೆಯ ಸಹವಾಸ ಬೇಡ ಅಂತ ಒಂದನ್ನು ಕೊಂಡೇ ಬಿಟ್ಟೆ. ಅದರಲ್ಲಿ ಒಂದು ಗುಂಡಿ ಇತ್ತು. ಒತ್ತಿದರೆ ಫೋಟೋದ ತಪ್ಪುಗಳನ್ನೆಲ್ಲ ತಾನೇ ಹುಡುಕಿ ತಾನೇ ತಿದ್ದುತ್ತದೆ. ಬಾದಾಮಿ ಫೋಟೋ ತೆರೆದು ಒತ್ತಿದೆ. ಗುಡ್ಡವೆಲ್ಲ ಸಿಮೆಂಟ್ ಗೋದಾಮಿನ ಗೋಡೆಯಾಯಿತು. ಇನ್ನೊಂದು ಫೋಟೋ, ಮತ್ತೊಂದು ಫೋಟೋ, ಎಲ್ಲವೂ ಬೂದಿ.

ಎಲ್ಲೋ ದೂರದೇಶದಲ್ಲಿ ಕೂತ ಮಹಾಶಯನೊಬ್ಬ, ಇಷ್ಟು ಕೆಂಪು ಜಗತ್ತಿನಲ್ಲೇ ಇರಲಾರದು, ಇದ್ದರೆ ಅದು ಕ್ಯಾಮೆರಾದ ತಪ್ಪು ಅಂತ ತೀರ್ಮಾನ ಮಾಡಿಬಿಟ್ಟಿದ್ದ. ನನ್ನ ಮೈಯೆಲ್ಲ ಉರಿದುಹೋಯಿತು. ಚಾಲುಕ್ಯರು ಉಳಿ ಹಚ್ಚುವ ಮೊದಲಿನಿಂದಲೂ ಕೆಂಪಗಿರುವ ಕಲ್ಲು! ಅದನ್ನು ತಪ್ಪು ಅನ್ನಲು ಇವನು ಯಾರು? ಕಂಪ್ಯೂಟರ್ ಕ್ಲಾಸಿನವನ ಹತ್ತಿರ ಹೋಗಿ ಎರಡೂ ಬಣ್ಣದ ಪ್ರಿಂಟ್ ತೋರಿಸಿ ನ್ಯಾಯ ಕೇಳಿದೆ. ಅವನು ನನ್ನ ಮೇಲೆ ಕನಿಕರಪಟ್ಟ.

"ಕಂಪ್ಯೂಟರ್ ತಪ್ಪಂಗಿಲ್ರಿ ಸರ. ನೀವ ಇನ್ನೊಂದ್ಸಲ ಹೋಗಿ ಗುಡ್ಡಾ ನೋಡಿ ಬರ್ರಿ."

ಉಡದ ಸೀರೆ

ಮಾಸ್ತರರ ಹತ್ತಿರ ಫೋಟೋ ತಿದ್ದುವ ಸಾಫ್ಟ್‌ವೇರ್ ಐತಿ ಅಂತ ಓಣಿಗೆಲ್ಲ ಸುದ್ದಿಯಾಯಿತು. ಒಂದು ಮಧ್ಯಾಹ್ನ ಪಕ್ಕದ ಮನೆಯ ಹೆಣ್ಣುಮಗಳು ಲಗ್ನದ ಫೋಟೋ ಹಿಡಿದು ಬಂದಳು. ಆಕೆಯ ಅತ್ತೆ ಹುನಗುಂದದವರು. ನಿನ್ನ ತಂಗಿಯ ಲಗ್ನಕ್ಕೆ ಉಡು ಅಂತ ಸೊಸೆಗೆ ಕೆಂಪು ಸೆರಗಿನ ಇಳಕಲ್ ಸೀರೆ ಕೊಟ್ಟಿದ್ದರು. ಈಕೆ ಅದನ್ನು ಟ್ರಂಕಿನಲ್ಲೇ ಬಿಟ್ಟು, ಹಗುರ ಅಂತ ಸೂರತ್ತಿನ ನೈಲಾನ್ ಸೀರೆ ಉಟ್ಟು ಮೆರೆದು ಬಂದಿದ್ದಳು. ಈಗ ಅತ್ತೆ ಫೋಟೋ ನೋಡಲು ಬರುತ್ತಾರೆ. ಸೀರೆ ಬದಲಿ ಮಾಡಿಕೊಡಬೇಕು.

ಬಾದಾಮಿ ಗುಡ್ಡಕ್ಕಾಗಿ ತಂದ ಸಾಫ್ಟ್‌ವೇರಿನಲ್ಲಿ ಸೀರೆ ಉಡಿಸುವುದೇ? ಆಗಂಗಿಲ್ಲವ್ವಾ ಅಂದೆ. ನನ್ನ ಹೆಂಡತಿ ಒಳಗಿನಿಂದಲೇ, ಪಾಪ, ಮಾಡಿಕೊಡ್ರಿ ಅಂದಳು. ಹಲ್ಲು ಕಚ್ಚಿಕೊಂಡು ನನ್ನ ಹೆಂಡತಿಯ ಸೀರೆಯದೊಂದು ಫೋಟೋ ತೆಗೆದು, ಬಣ್ಣ ಹೆಚ್ಚುಕಡಿಮೆ ಮಾಡಿ, ಆಕೆಯ ಮೈಮೇಲೆ ಕೂಡಿಸಿದೆ.

ಎರಡು ದಿನ ಬಿಟ್ಟು ಆಕೆ ಅಳುಮುಖ ಮಾಡಿಕೊಂಡು ಬಂದಳು. ಸಿಕ್ಕಿಬಿದ್ದೆಯಾ ಅಂತ ಕೇಳಿದೆ. ಇಲ್ಲವಂತೆ. ಅತ್ತೆಯವರು ಫೋಟೋ ನೋಡಿ, ಇದು ತಾವು ಕೊಟ್ಟ ಸೀರೆ ಅಲ್ಲವೇ ಅಲ್ಲ, ಅದಕ್ಕಿಂತ ಎಷ್ಟೋ ಪಾಲು ಚಲೋ ಐತಿ ಅಂದರಂತೆ.

"ಇಂಥಾದ್ದ ತಮಗೂ ಒಂದು ಬೇಕಂತ್ರಿ ಅಣ್ಣಾರ. ಯಾವ ಅಂಗಡ್ಯಾಗ ಸಿಗ್ತೈತ್ರಿ?"

ಬಾಗಲಕೋಟೆಯ ಬಹುಮಾನ

ಇದೇ ಗಡಿಬಿಡಿಯಲ್ಲಿ ಸ್ಪರ್ಧೆಯ ಕಡೆಯ ದಿನ ಬಂತು. ಒಂದು ಸಾಫ್ಟ್‌ವೇರೂ ಆ ಗುಡ್ಡವನ್ನು ಗುಡ್ಡದ ಹಾಗೆ ಉಳಿಸಲಿಲ್ಲ. ಎಲ್ಲಾ ಹಾಳಾಗಿ ಹೋಗಲಿ ಅಂತ, ಕ್ಯಾಮೆರಾದಲ್ಲಿ ಹೇಗೆ ಬಂದಿತ್ತೋ ಹಾಗೇ ಪ್ರಿಂಟ್ ಹಾಕಿಸಿ ಕ್ಯಾಮೆರಾ ವಿಭಾಗಕ್ಕೆ ಕೊಟ್ಟೆ. ಕಂಪ್ಯೂಟರಿನಲ್ಲಿ ತಿದ್ದಿದ ಚಿತ್ರಗಳಿಗೆ ಬೇರೆ ವಿಭಾಗ ಇತ್ತು. ಅದರ ಗೊಡವೆ ನನಗೆ ಬೇಕಾಗಿರಲಿಲ್ಲ.

ಬಹುಮಾನದ ದಿನ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಕ್ಯಾಮೆರಾ ವಿಭಾಗದ ಗೋಡೆಯ ತುಂಬ ಹುಡುಕಿದೆ, ನನ್ನ ಗುಡ್ಡ ಇಲ್ಲ. ಆ ಕಡೆಯ ಗೋಡೆಯಲ್ಲಿ, ಕಂಪ್ಯೂಟರ್ ವಿಭಾಗದಲ್ಲಿ, ಮೊದಲ ಬಹುಮಾನದ ಚೀಟಿ ಅಂಟಿಸಿಕೊಂಡು ಕೂತಿತ್ತು. ಬೆಂಗಳೂರಿನಿಂದ ಬಂದ ತೀರ್ಪುಗಾರರ ಹತ್ತಿರ ಓಡಿದೆ. ಇದಕ್ಕೆ ನಾ ಏನೂ ಮಾಡಿಲ್ಲ, ಬಾದಾಮಿ ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಬರ್ರಿ ತೋರಿಸ್ತೇನಿ ಅಂದೆ. ಅವರು ನನ್ನ ಹೆಗಲ ಮೇಲೆ ಕೈ ಇಟ್ಟರು.

"ಸಂಕೋಚ ಯಾಕೆ ಸರ್? ತಿದ್ದೋದೂ ಒಂದು ಕಲೆಯೇ. ಎಷ್ಟು ಚೆನ್ನಾಗಿ ತಿದ್ದಿದ್ದೀರಿ ಅಂದ್ರೆ, ನಿಜ ಅಂತಲೇ ಅನ್ನಿಸುತ್ತೆ."

ವೇದಿಕೆಗೆ ಕರೆದು ಹಾರ ಹಾಕಿದರು. ಮೈಕ್ ಕೈಗೆ ಕೊಟ್ಟು, ಯಾವ ಸಾಫ್ಟ್‌ವೇರ್ ಬಳಸಿದಿರಿ, ಎಲ್ಲರಿಗೂ ಹೇಳಿ ಅಂದರು. ಯಾವುದೂ ಇಲ್ಲ ಅಂದೆ. ಸಭೆ ನಕ್ಕಿತು. ಖರೇನ ಯಾವುದೂ ಇಲ್ಲ ಅಂತ ಕೂಗಿದೆ. ಗುಟ್ಟು ಬಿಟ್ಟುಕೊಡುವುದಿಲ್ಲ ನಮ್ಮ ಮಾಸ್ತರರು ಅಂತ ಅಧ್ಯಕ್ಷರು ಚಪ್ಪಾಳೆ ತಟ್ಟಿದರು, ಸಭೆಯೂ ತಟ್ಟಿತು. ಸಿಟ್ಟು ನೆತ್ತಿಗೇರಿದ್ದರೂ ಕೊರಳಲ್ಲಿ ಹಾರ ಹಾಕಿಕೊಂಡು ಜಗಳ ಆಡಲು ಬರುತ್ತದೆಯೇ? ಇಳಿದು ಬಂದೆ.

ಇಳಕಲ್ಲಿನ ಬಸ್ಸು ಹತ್ತಿದ ಮೇಲೂ ನನ್ನ ಬೈಗುಳ ನಿಂತಿರಲಿಲ್ಲ. ಹೆಂಡತಿ ಬಹುಮಾನದ ಹಾರವನ್ನು ತೊಡೆಯ ಮೇಲೆ ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು. ಆ ಸಂಜೆ ಬಾದಾಮಿಯಲ್ಲಿ ಮಳೆಯ ಕಡೆಯ ಹನಿ ಬೀಳದ ಹಾಗೆ ನನ್ನ ಕ್ಯಾಮೆರಾದ ಮೇಲೆ ಕೊಡೆ ಹಿಡಿದು, ಅದೇ ಗುಡ್ಡವನ್ನು ಎದುರಿಗೇ ನೋಡುತ್ತ ನಿಂತವಳು ಇವಳು. ಜಗತ್ತಿನಲ್ಲಿ ನನಗೆ ಸಾಕ್ಷಿ ಅಂತ ಇದ್ದವಳು ಇವಳೊಬ್ಬಳೇ. ಬಸ್ಸು ಊರು ದಾಟಿದ ಮೇಲೆ ಆಚೀಚೆ ನೋಡಿ, ಸೆರಗು ಸರಿಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಂದಳು.

"ಮಂದಿಗೆ ಹೇಳಬ್ಯಾಡ್ರಿ, ಬಿಡ್ರಿ. ನನಗರೆ ಖರೆ ಹೇಳ್ರಿ, ಯಾವುದರಾಗ ಮಾಡಿದ್ರಿ?"